ಎರಡು ಪುಟದ ಕೊರಿಯಾ

ಕೊರಿಯಾವನ್ನು ಕಣ್ಣಾರೆ ನೋಡದೆ ಅದರ ಬಗ್ಗೆ ಎರಡು ಪುಟ ಬರೆದವಳು ನಾನು. ಬರೆದು ಸುಮ್ಮನಾದೆನೇ ಎಂದರೆ ಅದೂ ಇಲ್ಲ. ಝೆರಾಕ್ಸ್ ಮಾಡಿಸಿ, ಪಿನ್ನು ಹೊಡೆದು, ಸಿಯೋಲಿಗೆ ಟಿಕೆಟ್ಟು ಕೊಂಡವರ ಕೈಗೆಲ್ಲ ಕೊಟ್ಟು, "ಹೋಗಿ ಬನ್ನಿ, ಊಟಕ್ಕೇನೂ ತೊಂದರೆ ಆಗಲ್ಲ" ಎಂದು ಧೈರ್ಯ ಬೇರೆ ಹೇಳುತ್ತಿದ್ದೆ. ಯಾರ ಧೈರ್ಯ ಯಾರಿಗೆ! ನಾನು ಅಲ್ಲಿಯವರೆಗೆ ಕಂಡಿದ್ದ ಪರದೇಶವೆಂದರೆ ಕ್ಯಾಲಿಫೋರ್ನಿಯಾ ಒಂದೇ. ಅದರಲ್ಲೂ ಕ್ಯಾಂಪ್‌ಬೆಲ್‌ನ ನಮ್ಮ ಅಪಾರ್ಟ್‌ಮೆಂಟಿನ ಸುತ್ತ ಹತ್ತು ಮೈಲಿ.

ಎಂಬತ್ತರ ದಶಕದ ನಡುವಿನ ಮಾತು. ಗಂಡನಿಗೆ ಚಿಪ್ ಕಂಪನಿಯಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಯಾವಾಗ ಬರುತ್ತಾರೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಮಗಳಿಗೆ ಐದು ವರ್ಷ. ನನಗೋ, ಕೂತಲ್ಲಿ ಕೂರಲು ಬಾರದ ಕಾಯಿಲೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೋಳು" ಎಂದು ಅಮ್ಮ ಚಿಕ್ಕಂದಿನಿಂದ ಅನ್ನುತ್ತಿದ್ದಳು. ಚಕ್ರವೇನೋ ಇತ್ತು, ಆದರೆ ಅದು ಉರುಳುತ್ತಿದ್ದದ್ದು ಮನೆಯಿಂದ ಡೇಕೇರಿಗೆ, ಡೇಕೇರಿನಿಂದ ಗ್ರೋಸರಿಗೆ, ಗ್ರೋಸರಿಯಿಂದ ಮತ್ತೆ ಮನೆಗೆ. ಒಂದು ದಿನ ಸಾಂಟಾ ಕ್ಲಾರಾದ ಎಲ್ ಕಮಿನೊ ರಸ್ತೆಯಲ್ಲಿ ಒಂದು ಟ್ರಾವೆಲ್ ಏಜೆನ್ಸಿಯ ಗಾಜಿನ ಮೇಲೆ "ಕೆಲಸಕ್ಕೆ ಬೇಕಾಗಿದ್ದಾರೆ" ಎಂಬ ಚೀಟಿ ಕಂಡಿತು. ಕಾರು ನಿಲ್ಲಿಸಿ ಒಳಗೆ ಹೋದೆ. ಯಾರನ್ನೂ ಕೇಳಲಿಲ್ಲ, ಮನೆಗೆ ಬಂದಮೇಲೆ ಹೇಳಿದೆ.

ಏಜೆನ್ಸಿಯ ಮಾಲಕಿ ಕೊರಿಯಾದವರು. ನನಗಿಂತ ಹದಿನೈದು ವರ್ಷ ದೊಡ್ಡವರು, ಗಿಡ್ಡಗೆ, ಗಟ್ಟಿಮುಟ್ಟಾಗಿ ಇದ್ದರು. ಭಾನುವಾರ ಚರ್ಚು ತಪ್ಪಿಸಿದವರಲ್ಲ. ಫೋನಿನಲ್ಲಿ ಕೊರಿಯನ್ನಿನಲ್ಲಿ ಜಗಳ ಆಡುತ್ತಲೇ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ನಗುವವರು. ಗೋಡೆಯ ತುಂಬ ಪೋಸ್ಟರುಗಳು: ಮೇಲಕ್ಕೆ ಬಾಗಿದ ಹೆಂಚಿನ ಸೂರಿನ ಅರಮನೆ, ಕೆಂಪೆಲೆಯ ಮರಗಳ ಬೆಟ್ಟ, ಕಪ್ಪು ಕಲ್ಲಿನ ಕಡಲತೀರ. ಇಡೀ ದಿನ ಅವುಗಳ ಕೆಳಗೆ ಕೂತು ಬೇರೆಯವರ ಟಿಕೆಟ್ಟು ಬರೆಯುವುದು ನನ್ನ ಕೆಲಸ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಆಗ ನಮ್ಮ ಕಡೆಯ ಇಂಜಿನಿಯರುಗಳು ಚಿಪ್ ಫ್ಯಾಕ್ಟರಿಗಳ ಕೆಲಸಕ್ಕೆಂದು ಕೊರಿಯಾಕ್ಕೆ ಹೋಗಲು ಶುರುಮಾಡಿದ್ದರು. ಅವರಲ್ಲಿ ಒಬ್ಬ ಹುಬ್ಬಳ್ಳಿಯವನು. ಹೋಗಿ ಮೂರು ವಾರ ಇದ್ದು ಬಂದವನು ಏಜೆನ್ಸಿಗೆ ಬಂದು ಕುರ್ಚಿಯ ಮೇಲೆ ಕುಸಿದ. "ಅಕ್ಕಾರ, ಬರೇ ಬ್ರೆಡ್ಡು ತಿಂದೇನ್ರೀ. ಇಪ್ಪತ್ತೊಂದ ದಿನಾ. ಯಾರೂ ಏನೂ ಹೇಳಿ ಕಳಸಲಿಲ್ಲ ನೋಡ್ರಿ" ಎಂದ. ಅವನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮಾಲಕಿಗೆ ನಾಚಿಕೆಯಾಯಿತು. ಅವರ ದೇಶಕ್ಕೆ ಹೋದವನು ಹಸಿದು ಬರುವುದೆಂದರೇನು? "ನೀನು ಸಸ್ಯಾಹಾರಿ ಅಲ್ಲವಾ? ನಾನು ಹೇಳುತ್ತೇನೆ, ನೀನು ಬರೆ" ಎಂದರು.

ಹಾಗೆ ಶುರುವಾಯಿತು ನನ್ನ ಎರಡು ಪುಟ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವರು ಹೇಳುವುದು, ನಾನು ಟೈಪು ಮಾಡುವುದು. ಮೊದಲು ಅರಮನೆಗೆ ಹೋಗಬೇಕು, ಬೆಳಿಗ್ಗೆಯೇ ಹೋದರೆ ಜನವಿರುವುದಿಲ್ಲ. ನಾಮ್‌ದೇಮುನ್ ಮಾರುಕಟ್ಟೆಯಲ್ಲಿ ಸೂಜಿಯಿಂದ ಹಿಡಿದು ಕಂಬಳಿಯವರೆಗೆ ಸಿಗುತ್ತದೆ, ಚೌಕಾಸಿ ಮಾಡದಿದ್ದರೆ ಅವರಿಗೇ ಬೇಜಾರು. ಹಳೆಯ ಮನೆಗಳಲ್ಲಿ ನೆಲವೇ ಬಿಸಿ. ನೆಲದ ಕೆಳಗೆ ಬೆಂಕಿಯ ಹೊಗೆ ಓಡಾಡುತ್ತದೆ, ಅದರ ಮೇಲೆ ಹಾಸಿಗೆ ಹಾಸಿ ಮಲಗುತ್ತಾರೆ. ನೀರಿನ ಬದಲು ಹುರಿದ ಬಾರ್ಲಿಯ ಕಷಾಯ ಕೊಡುತ್ತಾರೆ, ಕುಡಿಯಬಹುದು. ಅನ್ನದ ಮೇಲೆ ಐದಾರು ತರಕಾರಿ ಇಟ್ಟು ಕೆಂಪು ಗೊಜ್ಜು ಹಾಕಿ ಕಲಸುವ ಬಿಬಿಂಬಾಪ್ ತಿನ್ನಬಹುದು, ಆದರೆ ಮಾಂಸ ಬೇಡ, ಮೊಟ್ಟೆ ಬೇಡ ಎಂದು ಎರಡೆರಡು ಸಲ ಹೇಳಬೇಕು. ಕಿಮ್ಚಿಯನ್ನು ನಮ್ಮ ಉಪ್ಪಿನಕಾಯಿ ಎಂದುಕೊಂಡು ಮೋಸಹೋಗಬೇಡಿ, ಅದರಲ್ಲಿ ಒಣಸೀಗಡಿ, ಮೀನಿನ ರಸ ಇರುತ್ತದೆ. ಪಕ್ಕದ ಕೊರಿಯನ್ ಅಂಗಡಿಗೆ ಕರೆದುಕೊಂಡು ಹೋಗಿ ಒಂದೊಂದನ್ನೂ ತೋರಿಸಿದರು. ಓಕ್ ಮರದ ಬೀಜದ ಹಿಟ್ಟಿನಿಂದ ಮಾಡಿದ ಕಂದು ಬಣ್ಣದ ಹಾಲುಬಾಯಿಯಂಥದೊಂದನ್ನು ಅಲ್ಲೇ ಬಾಯಿಗಿಟ್ಟರು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. "ಚೆನ್ನಾಗಿದೆ" ಎಂದೆ.

ಎಲ್ಲಕ್ಕಿಂತ ನನಗೆ ಕುಣಿಯುವಂತಾದದ್ದು ಅವರು ಹೇಳಿದ ಇನ್ನೊಂದು ಮಾತಿಗೆ. ಅಲ್ಲಿನ ಬೌದ್ಧ ದೇವಸ್ಥಾನಗಳಲ್ಲಿ ಸನ್ಯಾಸಿಗಳು ಮಾಂಸ ತಿನ್ನುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲವಂತೆ! ನಮ್ಮ ಮನೆಯಲ್ಲಿ ಅಮ್ಮನೂ ಮುಟ್ಟುತ್ತಿರಲಿಲ್ಲ. ಅಷ್ಟು ದೂರದ ದೇಶದಲ್ಲಿ ನಮ್ಮಮ್ಮನ ಅಡುಗೆಮನೆಯ ಕಾನೂನು ನಡೆಯುತ್ತದೆ ಎಂದರೆ! "ಮೊಸರು, ಮಜ್ಜಿಗೆ?" ಎಂದು ಕೇಳಿದೆ. ಅವರಿಗೆ ಮಜ್ಜಿಗೆ ಎಂದರೇನೆಂದು ಅರ್ಥ ಮಾಡಿಸುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಇಲ್ಲ, ಹಾಲಿನದು ಯಾವುದೂ ಅವರ ಅಡುಗೆಯಲ್ಲಿ ಇಲ್ಲ ಎಂದರು. ಅದನ್ನೂ ಟೈಪು ಮಾಡಿದೆ.

ಆ ವರ್ಷ ಅಮ್ಮ ಬೆಂಗಳೂರಿನಿಂದ ಬಂದು ನಮ್ಮ ಜೊತೆ ಆರು ತಿಂಗಳಿದ್ದಳು. ಅಪ್ಪ ಇರಲಿಲ್ಲ, ಅಮ್ಮ ಅಣ್ಣನ ಮನೆಯಲ್ಲಿರುತ್ತಿದ್ದಳು. ಮೂವತ್ತನಾಲ್ಕು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿ ರಿಟೈರಾದವಳು. ಸ್ಕೂಲು ಬಿಟ್ಟರೂ ಕೆಂಪು ಪೆನ್ಸಿಲು ಬಿಟ್ಟಿರಲಿಲ್ಲ. ನಾನು ಅಮೆರಿಕದಿಂದ ಬರೆದ ಕಾಗದಗಳನ್ನು ತಿದ್ದಿ, ಉತ್ತರದ ಜೊತೆ ವಾಪಸ್ಸು ಕಳಿಸುತ್ತಿದ್ದಳು. "ಇಲ್ಲಿ ಚಳಿ ಹೆಚ್ಚೇನಿಲ್ಲ" ಎಂದು ಬರೆದರೆ ಪಕ್ಕದಲ್ಲಿ ಕೆಂಪಗೆ "ಹಾಗಾದರೆ ಫೋಟೋದಲ್ಲಿ ಸ್ವೆಟರೇಕೆ?" ಎಂದು ಇರುತ್ತಿತ್ತು. ತಪ್ಪಿಗೆ ಗೆರೆ ಎಳೆಯುವುದರಲ್ಲಿ ಧಾರಾಳಿ. ರೈಟು ಹಾಕುವುದು ಮಾತ್ರ ವರ್ಷಕ್ಕೊಮ್ಮೆ, ಅದೂ ಮನಸ್ಸಿಲ್ಲದ ಮನಸ್ಸಿನಿಂದ.

ಊಟದ ವಿಷಯದಲ್ಲಂತೂ ಕೇಳಲೇಬೇಡಿ. ಹೋಟೆಲಿನಲ್ಲಿ ತಿಂದವಳಲ್ಲ. ತಟ್ಟೆಯ ಮುಂದೆ ಕೂರದೆ ಒಂದು ತುತ್ತು ಬಾಯಿಗಿಟ್ಟವಳಲ್ಲ. ಹತ್ತು ವರ್ಷದವಳಿದ್ದಾಗ ನಾನೊಮ್ಮೆ ರಸ್ತೆಯಲ್ಲಿ ನಿಂತು ಚುರುಮುರಿ ತಿನ್ನುತ್ತಿದ್ದೆ. ಹಿಂದಿನಿಂದ ಬಂದವಳೇ ಪೊಟ್ಟಣ ಕಿತ್ತು ಚರಂಡಿಗೆಸೆದು, "ಬೀದೀಲಿ ನಿಂತ್ಕೊಂಡು ತಿನ್ನೋಕೆ ನಾವೇನು ದನಾನಾ?" ಎಂದು ಕಿವಿ ಹಿಡಿದು ಮನೆಗೆ ಎಳೆದುಕೊಂಡು ಹೋಗಿದ್ದಳು. ಆ ಕಿವಿ ಈಗಲೂ ಬಿಸಿಯಾಗುತ್ತದೆ. ಜೊತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ. ಮಾತ್ರೆ ನುಂಗಿ ಊಟ ತಡವಾದರೆ ಕೈಕಾಲು ನಡುಗಿ ಬೆವರಿಳಿಯುತ್ತಿತ್ತು. ನನ್ನ ಮದುವೆಯ ದಿನವೇ ಧಾರೆ ಮುಗಿದು ಪಂಕ್ತಿ ತಡವಾಗಿ, ಮಾತ್ರೆ ನುಂಗಿದ್ದ ಅಮ್ಮ ಹಾಗೇ ಕುಸಿದು ಎಲ್ಲರೂ ಹೌಹಾರಿದ್ದೆವು.

ಇಂಥ ಅಮ್ಮನನ್ನು ವಾಪಸ್ಸು ಕಳಿಸುವಾಗ ಸಿಯೋಲಿನ ಮೇಲೆ ಕಳಿಸುವ ಬುದ್ಧಿ ಬಂದದ್ದು ನನಗೇ. ಹಾಂಗ್‌ಕಾಂಗ್ ಮೇಲೆ ಹೋದರೆ ಎರಡು ಗಂಟೆ ಕೂತು ಮುಂದಿನ ವಿಮಾನ ಹತ್ತಬಹುದಿತ್ತು. ಸಿಯೋಲಿನಲ್ಲಾದರೆ ಒಂದು ರಾತ್ರಿ, ಒಂದು ಹಗಲು ಪೂರ್ತಿ ಕಾಯಬೇಕು. ವಿಮಾನದವರೇ ಹೋಟೆಲಿನ ರೂಮು ಕೊಟ್ಟು, ಊರು ನೋಡಲು ಒಂದು ದಿನದ ಪರವಾನಗಿ ಚೀಟಿ ಮಾಡಿಸಿಕೊಡುತ್ತಿದ್ದರು. "ಸುಮ್ನೆ ಮನೆಗೆ ಹೋಗ್ತೀನಿ, ಅದ್ಯಾವುದೋ ದೇಶ ನಂಗ್ಯಾಕೆ?" ಎಂದಳು ಅಮ್ಮ. "ನೋಡಮ್ಮಾ, ಅರಮನೆ ಇದೆ, ಬೆಟ್ಟ ಇದೆ. ಒಂದು ದಿನ ಅಷ್ಟೇ" ಎಂದು ದುಂಬಾಲು ಬಿದ್ದೆ. ನಿಜ ಹೇಳಬೇಕೆಂದರೆ ನೋಡಬೇಕಾಗಿದ್ದದ್ದು ನನಗೆ. ನನ್ನ ಕೈಲಾಗದ್ದನ್ನು ಅಮ್ಮನ ಕೈಲಿ ಮಾಡಿಸಲು ಹೊರಟಿದ್ದೆ.

"ಊಟಕ್ಕೇನು ಮಾಡ್ಲಿ?" ಎಂದು ಕೇಳಿದಳು. ಅದಕ್ಕೇ ಕಾಯುತ್ತಿದ್ದವಳಂತೆ ನನ್ನ ಎರಡು ಪುಟವನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಅಮ್ಮನಿಗೆ ಇಂಗ್ಲಿಷು ಬರುತ್ತಿತ್ತು, ಆದರೂ ಕನ್ನಡದಲ್ಲೇ ಬರೆದೆ. ಬರೆಯುತ್ತ ಬರೆಯುತ್ತ ಉಮೇದು ಏರಿತು. ದೇವಸ್ಥಾನದ ಸಾಲಿಗೆ ಬಂದಾಗ ಪೆನ್ನು ತಾನಾಗಿ ಓಡಿತು: "ಊರ ನಡುವೆಯೇ ದೊಡ್ಡ ದೇವಸ್ಥಾನವಿದೆ. ಹನ್ನೊಂದೂವರೆಗೆಲ್ಲ ಹೋಗಿ ಕುಳಿತರೆ ಮಧ್ಯಾಹ್ನದ ಊಟ ಹಾಕುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ." ಮಜ್ಜಿಗೆ ಇಲ್ಲದ ವಿಷಯ ಮಾತ್ರ ಬೇಕೆಂದೇ ಬಿಟ್ಟೆ. ಮಜ್ಜಿಗೆಯಿಲ್ಲದೆ ಊಟ ಮುಗಿಯುವುದಿಲ್ಲ ಎನ್ನುವವಳು, ಅದೊಂದು ನೆಪ ಸಿಕ್ಕರೆ ಸಾಕು, ಹೋಗುವುದೇ ಬೇಡ ಎಂದುಬಿಟ್ಟಾಳು ಎಂದು.

ಮಾಲಕಿ ಟ್ಯಾಕ್ಸಿಯವನಿಗೆ ತೋರಿಸಲೆಂದು ಹೋಟೆಲು, ಅರಮನೆ, ದೇವಸ್ಥಾನ ಎಂದು ಮೂರು ಚೀಟಿಗಳನ್ನು ಕೊರಿಯನ್ನಿನಲ್ಲಿ ಬರೆದುಕೊಟ್ಟರು.

ಹೊರಡುವ ಹಿಂದಿನ ಸಂಜೆ ಸೂಟ್‌ಕೇಸನ್ನು ಬಾತ್‌ರೂಮಿನ ತೂಕದ ಮೆಷಿನ್ನಿನ ಮೇಲಿಟ್ಟರೆ ಮುಳ್ಳು ಗೆರೆ ದಾಟಿ ನಿಂತಿತು. ಅಣ್ಣನಿಗೆಂದು ಕೊಂಡ ಟೇಪ್ ರೆಕಾರ್ಡರು ಕೈಚೀಲಕ್ಕೂ ಹಿಡಿಸದು. ಕೈಚೀಲದ ತಳದಲ್ಲಿ ಅಮ್ಮ ದಾರಿಗೆಂದು ತಾನೇ ಹುರಿದು ಕಟ್ಟಿಕೊಂಡಿದ್ದ ಅವಲಕ್ಕಿಯ ಗಂಟಿತ್ತು. ಕಡಲೆಕಾಯಿ ಬೀಜ, ಕೊಬ್ಬರಿ ಚೂರು, ಕರಿಬೇವು ಹಾಕಿ, ಎರಡು ಪದರ ಪ್ಲಾಸ್ಟಿಕ್ಕು ಸುತ್ತಿ, ದಾರ ಕಟ್ಟಿದ್ದಳು. ಅದನ್ನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಆ ಜಾಗದಲ್ಲಿ ಟೇಪ್ ರೆಕಾರ್ಡರು ತುರುಕಿದೆ.

"ಅದಿರ್ಲಿ ಕಣೆ" ಎಂದಳು ಅಮ್ಮ.

"ಅಯ್ಯೋ, ಪ್ಲೇನಲ್ಲಿ ತಿನ್ನೋಕೆ ಚಪಾತಿ, ಮೊಸರನ್ನ ಇದೆಯಲ್ಲಮ್ಮಾ. ಅಲ್ಲಿ ಇಳಿದ ಮೇಲೆ ದೇವಸ್ಥಾನದಲ್ಲಿ ಬಿಸಿಬಿಸಿ ಊಟಾನೇ ಇರತ್ತೆ. ಅವಲಕ್ಕಿ ಯಾಕೆ?"

"ನೀನು ನೋಡಿದೀಯಾ?"

"ಗೊತ್ತು ನಂಗೆ" ಎಂದೆ, ಸ್ವಲ್ಪ ಜೋರಾಗಿಯೇ. ಅಮ್ಮ ನನ್ನ ಎರಡು ಪುಟದ ಪಟ್ಟಿಯನ್ನು ಮಡಿಸಿ ತನ್ನ ಪರ್ಸಿನಲ್ಲಿಟ್ಟುಕೊಂಡಳು.

ಮಂಗಳವಾರ ಮಧ್ಯಾಹ್ನ ವಿಮಾನ ಹತ್ತಿಸಿದೆವು. ಸೀರೆ, ಅದರ ಮೇಲೆ ನನ್ನ ಗಂಡನ ಜಾಕೆಟ್ಟು, ಕಾಲಿಗೆ ಬಿಳಿ ಬೂಟು. ನವೆಂಬರ್ ತಿಂಗಳು, ಸಿಯೋಲಿನಲ್ಲಿ ವಿಪರೀತ ಚಳಿ ಎಂದು ನಾನೇ ಹಾಕಿಸಿದ್ದೆ. ಗೇಟಿನಲ್ಲಿ ತಿರುಗಿ ನೋಡಲಿಲ್ಲ. ತಿರುಗಿ ನೋಡುವ ಪೈಕಿಯಲ್ಲ ಅವಳು.

ಮರುದಿನ ಬುಧವಾರ ಮಧ್ಯಾಹ್ನ ಮೂರೂವರೆ. ಸಿಯೋಲಿನಲ್ಲಿ ಆಗ ಗುರುವಾರ ಬೆಳಿಗ್ಗೆ ಎಂಟೂವರೆ. ನಾನು ಏಜೆನ್ಸಿಯ ಗಡಿಯಾರದ ಕಡೆ ನೋಡುತ್ತ ಮಾಲಕಿಗೆ ಹೇಳಿದೆ: "ಇಷ್ಟೊತ್ತಿಗೆ ನಮ್ಮಮ್ಮ ಅರಮನೆಗೆ ಹೊರಟಿರುತ್ತಾಳೆ. ಅದು ಮುಗಿಸಿ ದೇವಸ್ಥಾನದಲ್ಲಿ ಊಟ."

ಮಾಲಕಿ ಫೈಲಿನಿಂದ ತಲೆ ಎತ್ತಿದರು. "ದೇವಸ್ಥಾನದಲ್ಲಿ ಊಟವಾ? ಯಾರು ಕೊಡುತ್ತಾರೆ?"

"ದೇವಸ್ಥಾನದವರು. ನೀವೇ ಹೇಳಿದಿರಲ್ಲ, ಈರುಳ್ಳಿ ಬೆಳ್ಳುಳ್ಳಿ ಹಾಕದೆ ಅಡುಗೆ ಮಾಡುತ್ತಾರೆ ಅಂತ."

"ಸನ್ಯಾಸಿಗಳು ಏನು ತಿನ್ನುತ್ತಾರೆ ಅಂತ ಹೇಳಿದೆ. ನಿನಗೆ ಕೊಡುತ್ತಾರೆ ಅಂತ ಹೇಳಿದೆನಾ?"

ದೇವಸ್ಥಾನ ಎಂದರೆ ಮಧ್ಯಾಹ್ನದ ಊಟ ಇರುತ್ತದೆ. ಇದನ್ನು ಯಾರನ್ನಾದರೂ ಕೇಳಬೇಕೆಂದೇ ನನಗೆ ಹೊಳೆದಿರಲಿಲ್ಲ. ಚಿಕ್ಕಂದಿನಿಂದ ಉಡುಪಿಗೆ ಹೋದರೆ ಊಟ, ಧರ್ಮಸ್ಥಳಕ್ಕೆ ಹೋದರೆ ಊಟ, ಶೃಂಗೇರಿಗೆ ಹೋದರೆ ಊಟ. ಮಂಗಳಾರತಿ ಆಗುತ್ತಲೇ ಜನ ದೇವರಿಗೆ ಬೆನ್ನು ಹಾಕಿ ಭೋಜನಶಾಲೆಗೆ ಓಡುತ್ತಾರೆ. ನೀವು ಯಾರು, ಯಾವ ಊರು ಎಂದು ಕೇಳುವವರಿಲ್ಲ. ಎಲೆಯ ಮುಂದೆ ಕೂತರೆ ಬಡಿಸುತ್ತಾರೆ. ಅದನ್ನೇ ಎತ್ತಿ ಕೊರಿಯಾದ ಮೇಲೆ ಹಾಕಿಬಿಟ್ಟಿದ್ದೆ.

"ಹಬ್ಬದ ದಿನ ಹಾಕುತ್ತಾರೇನೋ" ಎಂದರು ಮಾಲಕಿ, ನನ್ನ ಮುಖ ನೋಡಿ ದನಿ ತಗ್ಗಿಸಿ. "ನನಗೆ ಗೊತ್ತಿಲ್ಲ. ನಾನು ಚರ್ಚಿನವಳು. ದೇವಸ್ಥಾನದೊಳಕ್ಕೆ ಹೋಗಿದ್ದು ಸ್ಕೂಲಿನ ಪಿಕ್ನಿಕ್ಕಿನಲ್ಲಿ, ಅವತ್ತು ಮನೆಯಿಂದ ಡಬ್ಬಿ ತೆಗೆದುಕೊಂಡು ಹೋಗಿದ್ದೆವು."

ಅಮ್ಮನ ಸಕ್ಕರೆ ಕಾಯಿಲೆ, ಮಾತ್ರೆ, ಅವಲಕ್ಕಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ತಕ್ಷಣ ಸಿಯೋಲಿನ ಹೋಟೆಲಿಗೆ ಫೋನು ಹಚ್ಚಿದರು. ಕೊರಿಯನ್ನಿನಲ್ಲಿ ಅವರು ಮಾತಾಡುತ್ತಿದ್ದರೆ ನಾನು ಅವರ ಹುಬ್ಬುಗಳನ್ನೇ ನೋಡುತ್ತಿದ್ದೆ. ಇಂಡಿಯಾದ ಹೆಂಗಸು ಹತ್ತು ನಿಮಿಷದ ಹಿಂದೆ ಕೀ ಕೊಟ್ಟು ಟ್ಯಾಕ್ಸಿ ಹತ್ತಿದರಂತೆ. ಹತ್ತು ನಿಮಿಷ! ವಾಪಸ್ಸು ಬಂದ ತಕ್ಷಣ ನಮ್ಮ ಮನೆಗೆ ಫೋನು ಹಚ್ಚಿಕೊಡಬೇಕು ಎಂದು ನಂಬರು ಬರೆಸಿದರು. ದೇವಸ್ಥಾನದ ನಂಬರು ಹುಡುಕಿಸಿ ಅಲ್ಲಿಗೂ ಮಾಡಿದರು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಅಲ್ಲಿ ಹನ್ನೆರಡು ಆಗುವುದೆಂದರೆ ನಮಗೆ ಸಂಜೆ ಏಳು. ಮೂರೂವರೆ ಗಂಟೆಯ ಆ ಹೊತ್ತನ್ನು ಹೇಗೆ ಕಳೆದೆನೆಂದು ಕೇಳಬೇಡಿ. ಟೈಪ್‌ರೈಟರಿನ ಮುಂದೆ ಕೂತೆ, ಎದ್ದೆ. ಹೊರಗೆ ಹೋಗಿ ಎಲ್ ಕಮಿನೊ ರಸ್ತೆಯ ಕಾರುಗಳನ್ನು ನೋಡಿದೆ, ಒಳಗೆ ಬಂದೆ. "ಮನೆಗೆ ಹೋಗು, ಇಲ್ಲಿದ್ದು ನನಗೂ ತಲೆ ಸುತ್ತಿಸಬೇಡ" ಎಂದರು ಮಾಲಕಿ. ಡೇಕೇರಿಗೆ ಹೋಗುವ ದಾರಿಯಲ್ಲಿ ಫ್ರೀವೇಯ ಎಕ್ಸಿಟ್ಟು ತಪ್ಪಿಸಿಕೊಂಡು ಎರಡು ಊರು ಮುಂದೆ ಹೋಗಿ ತಿರುಗಿ ಬಂದೆ. ಮಗಳನ್ನು ಕರೆದುಕೊಂಡು ಮನೆಗೆ ಬಂದರೆ ಕಟ್ಟೆಯ ಮೇಲೆ ಅವಲಕ್ಕಿಯ ಗಂಟು ಹಾಗೇ ಕೂತಿತ್ತು. ಅಮ್ಮ ಕಟ್ಟಿದ ದಾರ, ಅಮ್ಮ ಹಾಕಿದ ಗಂಟು. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಆ ಗಂಟನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದೆ.

ಗಂಡ ಆಫೀಸಿನಿಂದ ಫೋನು ಮಾಡಿದಾಗ ವಿಷಯ ಹೇಳಿದೆ. "ಹೆದರ್ಕೋಬೇಡ, ಏನಾದ್ರೂ ಹಣ್ಣು ತಿಂತಾರೆ" ಎಂದರು. "ನಿಮಗೇನ್ರೀ ಗೊತ್ತು! ಅವಳು ಊಟ ಬರತ್ತೆ ಅಂತ ಮಾತ್ರೆ ನುಂಗಿ ಕೂತಿರ್ತಾಳೆ. ನಾನು ಬರೆದಿದ್ದೀನಲ್ಲ, ಅದನ್ನ ನಂಬ್ಕೊಂಡು!" ಎಂದು ಕಿರುಚಿದೆ. ಅದೇ ನನ್ನನ್ನು ತಿನ್ನುತ್ತಿದ್ದದ್ದು. ಬೇರೆ ಯಾರು ಹೇಳಿದ್ದರೂ ಅಮ್ಮ ಹತ್ತು ಸಲ ವಿಚಾರಿಸುತ್ತಿದ್ದಳು. ನಾನು ಜೋರು ಮಾಡಿದ್ದಕ್ಕೆ ಸುಮ್ಮನಾಗಿದ್ದಳು.

ಮಗಳು ನನ್ನ ಸೆರಗು, ಅಂದರೆ ಸ್ವೆಟರಿನ ತುದಿ ಹಿಡಿದುಕೊಂಡು ಹಿಂದೆಯೇ ತಿರುಗುತ್ತಿತ್ತು. "ಈಸ್ ಅಜ್ಜಿ ಹಂಗ್ರಿ?" ಎಂದಿತು. "ಸುಮ್ನಿರು" ಎಂದು ಗದರಿದೆ. ಆಮೇಲೆ ಅಪ್ಪಿಕೊಂಡೆ. ಏಳು ಹೊಡೆಯಿತು. ಏಳೂಕಾಲು. ಮೆತ್ತಗೆ ನಡುಗುವ ಕೈಯಲ್ಲಿ ಪರ್ಸಿನಿಂದ ಪಟ್ಟಿ ತೆಗೆದು ಮತ್ತೊಮ್ಮೆ ಓದಿ ನೋಡುತ್ತಿರುವ ಅಮ್ಮ ಕಣ್ಣ ಮುಂದೆ ಬಂದಳು. ಮಗಳಿಗೆ ಅನ್ನ ಕಲಸಿ ತಿನ್ನಿಸಿದೆ. ನನಗೆ ಒಂದು ಅಗುಳೂ ಇಳಿಯಲಿಲ್ಲ.

ಎಂಟೂಕಾಲಿಗೆ ಫೋನು ಬಂತು. ಮೊದಲು ಆಪರೇಟರು, ಆಮೇಲೆ ಗೊರಗೊರ ಸದ್ದು, ಅದರ ಆಚೆಯಿಂದ ಅಮ್ಮ.

"ಏನೇ ಅದು ಅವಸರ? ಏನಾಯ್ತು? ಮಗು ಹುಷಾರಾಗಿದೆ ತಾನೆ?"

"ಅಮ್ಮಾ, ಊಟ ಆಯ್ತಾ? ಊಟ ಹಾಕಿದ್ರಾ ಅಲ್ಲಿ?"

ಒಂದು ಕ್ಷಣ ಗೊರಗೊರ ಸದ್ದಷ್ಟೇ ಇತ್ತು. "ಆಯ್ತಪ್ಪಾ. ಚೆನ್ನಾಗಾಯ್ತು. ಇದನ್ನ ಕೇಳೋಕೆ ಸಮುದ್ರದಾಚೆಯಿಂದ ಫೋನಾ? ತಣ್ಣಗಿರೋದು ಕಲಿ. ನಾನು ಸ್ವಲ್ಪ ಮಲ್ಕೋತೀನಿ, ರಾತ್ರಿ ಪ್ಲೇನು." ಇಟ್ಟೇಬಿಟ್ಟಳು.

ಅಬ್ಬಾ! ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಎದ್ದು ಬೀರು ತೆಗೆದು ಅವಲಕ್ಕಿಯ ಗಂಟು ಬಿಚ್ಚಿ, ಮಗಳೂ ನಾನೂ ಅರ್ಧ ಖಾಲಿ ಮಾಡಿದೆವು.

ಮರುದಿನ ಏಜೆನ್ಸಿಯಲ್ಲಿ ನನ್ನ ಗತ್ತು ನೋಡಬೇಕಿತ್ತು. "ನೋಡಿದಿರಾ? ನಿಮ್ಮ ದೇಶದ ವಿಷಯ ನಿಮಗಿಂತ ನನಗೇ ಚೆನ್ನಾಗಿ ಗೊತ್ತು. ದೇವಸ್ಥಾನ ಎಲ್ಲಿದ್ದರೂ ದೇವಸ್ಥಾನವೇ" ಎಂದೆ. ಮಾಲಕಿ ನಕ್ಕು, "ನಿಮ್ಮಮ್ಮ ಕೊರಿಯಾವನ್ನೂ ಹೆದರಿಸಿರಬೇಕು" ಎಂದರು. ನಾನು ಅಷ್ಟಕ್ಕೇ ಬಿಡಲಿಲ್ಲ. ಇಂಗ್ಲಿಷ್ ಪುಟಕ್ಕೂ ಊಟದ ಸಾಲನ್ನು ಸೇರಿಸಿ ಹೊಸದಾಗಿ ಟೈಪು ಮಾಡಿದೆ. ಅದರ ಮೊದಲ ಪ್ರತಿಯನ್ನು ಕ್ಯಾಲಿಫೋರ್ನಿಯಾದ್ದೇ ಊರಾದ ಡಬ್ಲಿನ್‌ನಿಂದ ಬಂದಿದ್ದ ಒಂದು ಸಂಸಾರ ತೆಗೆದುಕೊಂಡು ಹೋಯಿತು. ಜನವರಿಯಲ್ಲಿ ಅವರ ಅತ್ತೆ ಮಾವ ಸಿಯೋಲಿನ ಮೇಲೆ ಊರಿಗೆ ಹೋಗುವವರಿದ್ದರು.

ಮೂರು ವಾರಕ್ಕೆ ಅಮ್ಮನ ದಪ್ಪ ಲಕೋಟೆ ಬಂತು. ಅಂಚೆಪೆಟ್ಟಿಗೆಯ ಹತ್ತಿರವೇ ನಿಂತು ಒಡೆದೆ. ಒಳಗೆ ಕಾಗದ, ಅದರ ಜೊತೆಗೆ ಮಡಿಸಿದ ನನ್ನ ಪಟ್ಟಿ. ನಿರೀಕ್ಷಿಸಿದ್ದಂತೆ ಮೈತುಂಬ ಕೆಂಪು ಪೆನ್ಸಿಲು.

"ಅರಮನೆಯ ಅಂಗಳದಲ್ಲಿ ಕೂರಲು ಜಾಗವಿದೆ" ಎಂಬಲ್ಲಿ ಗೆರೆ: "ಕಲ್ಲು. ಕೂತರೆ ಎದ್ದೇಳಲಾಗದಷ್ಟು ಕೊರೆಯುತ್ತದೆ." "ಮಾರುಕಟ್ಟೆಗೆ ನಡೆದರೆ ಹತ್ತು ನಿಮಿಷ" ಎಂಬಲ್ಲಿ: "ಯಾರ ಕಾಲಿನಲ್ಲಿ? ನನಗೆ ಅರ್ಧ ಗಂಟೆ." "ಬಾರ್ಲಿ ಕಷಾಯ ರುಚಿಯಾಗಿರುತ್ತದೆ" ಎಂಬಲ್ಲಿ: "ಸುಟ್ಟ ವಾಸನೆ. ಜ್ವರ ಬಂದಾಗ ಆಗಬಹುದು." ಎರಡನೇ ಪುಟದ ಮಧ್ಯದಲ್ಲಿ ದೇವಸ್ಥಾನದ ಸಾಲು. "ಮಧ್ಯಾಹ್ನದ ಊಟ ಹಾಕುತ್ತಾರೆ." ಅದರ ಪಕ್ಕದಲ್ಲಿ ಒಂದು ರೈಟು. ಎರಡು ಪುಟಕ್ಕೂ ಸೇರಿ ಅದೊಂದೇ ರೈಟು. ನನಗೆ ಮೂವತ್ತೆರಡು ವರ್ಷ ವಯಸ್ಸು. ಆ ಗುರುತು ನೋಡಿ ಮೂರನೇ ಕ್ಲಾಸಿನ ಹುಡುಗಿಯ ಹಾಗೆ ಹಿಗ್ಗಿದೆ.

ಕಾಗದ ಓದಿದೆ. ವಿಮಾನದ ಸುದ್ದಿ, ಅಣ್ಣನ ಮನೆಯ ಸುದ್ದಿ. ಆಮೇಲೆ ದೇವಸ್ಥಾನ. "ನೀನು ಬರೆದಂತೆ ಹನ್ನೊಂದೂವರೆಗೇ ಹೋದೆ. ಪ್ರಶಾಂತವಾದ ಜಾಗ. ಊಟ ತುಂಬ ಅಚ್ಚುಕಟ್ಟು. ಸಾಲಾಗಿ ಕೂರಿಸಿ ಬಡಿಸಿದರು. ಅನ್ನ, ಸಾರಿನಂಥದು, ಎರಡು ಪಲ್ಯ, ಕೊನೆಗೆ ಮಜ್ಜಿಗೆ. ತೃಪ್ತಿಯಾಯಿತು. ನೀನು ಅಂದಂತೆಯೇ ಇತ್ತು."

ಮಜ್ಜಿಗೆ.

ಓದಿದ್ದನ್ನೇ ಮತ್ತೆ ಓದಿದೆ. ಅಮ್ಮನಿಗೆ ಗೊತ್ತಿರಲಿಲ್ಲ, ನಾನು ಬರೆದಿರಲಿಲ್ಲವಲ್ಲ. ಅಲ್ಲಿ ಮಜ್ಜಿಗೆ ಇರುವುದಿಲ್ಲ ಎಂಬುದನ್ನು ನಾನು ಬೇಕೆಂದೇ ಮುಚ್ಚಿಟ್ಟಿದ್ದೆ. ತಾನು ಕೂರದ ಪಂಕ್ತಿಯನ್ನು ಬರೆಯುವಾಗ ಅಮ್ಮ ನಮ್ಮೂರಿನ ಪಂಕ್ತಿಯನ್ನೇ ಬರೆದುಬಿಟ್ಟಿದ್ದಳು, ನಾನು ಮಾಡಿದ ಹಾಗೆಯೇ. ಊಟವೂ ಸುಳ್ಳು, ರೈಟೂ ಸುಳ್ಳು. ಮೂವತ್ತನಾಲ್ಕು ವರ್ಷ ಒಂದು ಮಗುವಿಗೂ ಬಿಟ್ಟಿ ರೈಟು ಹಾಕದವಳು ನನಗೆ ಹಾಕಿದ್ದಳು.

ಹಾಗಾದರೆ ಅವತ್ತು ತಿಂದದ್ದೇನು? ಪಟ್ಟಿಯ ಕೊನೆಯನ್ನು ಆಗ ನೋಡಿದೆ. ನಾನು ಬರೆದದ್ದು ಮುಗಿದ ಮೇಲೆ, ಕೆಳಗಿನ ಖಾಲಿ ಜಾಗದಲ್ಲಿ, ದುಂಡನೆಯ ಅಕ್ಷರದಲ್ಲಿ ಅಮ್ಮ ಒಂದು ಸಾಲು ಸೇರಿಸಿದ್ದಳು: "ದೇವಸ್ಥಾನದ ಗೇಟಿನ ಎಡಗಡೆ ಒಬ್ಬ ಮುದುಕ ಗಾಡಿಯಲ್ಲಿ ಡ್ರಮ್ಮಿಟ್ಟುಕೊಂಡು ಗೆಣಸು ಸುಟ್ಟು ಕೊಡುತ್ತಾನೆ. ಬೇರೇನೂ ಸೇರಿಸುವುದಿಲ್ಲ, ಬರೀ ಗೆಣಸು. ನಿನ್ನ ಪಟ್ಟಿಯಲ್ಲಿ ಇದು ಬಿಟ್ಟುಹೋಗಿದೆ."

ಅಂಚೆಪೆಟ್ಟಿಗೆಗಳ ಮುಂದೆ ನಿಂತು ಅತ್ತೆ. ಕೆಳಗಿನ ಮನೆಯ ಅಮೆರಿಕನ್ ಅಜ್ಜಿ ಬಂದು "ಕೆಟ್ಟ ಸುದ್ದಿಯಾ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ.

ಅವತ್ತೇ ಏಜೆನ್ಸಿಗೆ ಹೋಗಿ ಮೊದಲು ಡಬ್ಲಿನ್ನಿನವರಿಗೆ ಫೋನು ಮಾಡಿದೆ. "ದೇವಸ್ಥಾನದ ಊಟದ ಸಾಲು ಹೊಡೆದುಹಾಕಿ. ತಪ್ಪು ನನ್ನದು. ಅವಲಕ್ಕಿ ಕಟ್ಟಿ ಕಳಿಸಿ" ಎಂದೆ. ಮಾಲಕಿಗೂ ಹೇಳಿದೆ. ಅವರು ನಗಲಿಲ್ಲ. ಗೆಣಸಿನವನ ಗಾಡಿಯ ಮಾತು ಬಂದಾಗ ಮಾತ್ರ, ಚಳಿಗಾಲದಲ್ಲಿ ಸ್ಕೂಲಿನಿಂದ ಬರುವಾಗ ಅದನ್ನು ಜೇಬಿನಲ್ಲಿಟ್ಟುಕೊಂಡು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆವು, ಇಷ್ಟು ದಿನ ನಿನಗೆ ಹೇಳಲು ಹೇಗೆ ಮರೆತೆ ಎಂದರು. ಎರಡು ಪುಟವನ್ನು ಮತ್ತೆ ಟೈಪು ಮಾಡಿದೆ.

ಭಾನುವಾರ ಅಣ್ಣನ ಮನೆಗೆ ಫೋನು ಹಚ್ಚಿದೆ. ಅಮ್ಮ ಬಂದಳು.

"ದೇವಸ್ಥಾನದ ಊಟದ ಸಾಲು ತೆಗೆದುಹಾಕಿದೆ ಅಮ್ಮಾ" ಎಂದೆ.

"ಯಾಕೆ? ರೈಟು ಹಾಕಿದ್ನಲ್ಲ?"

"ಆ ದೇವಸ್ಥಾನದೋರು ಹಾಲು ಮೊಸರು ಏನೂ ಬಳಸಲ್ಲಮ್ಮ. ಮಜ್ಜಿಗೆ ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಅವರಿಗೆ."

ಅಮ್ಮನ ಹಿಂದೆ ಅಣ್ಣನ ಮನೆಯ ಕುಕ್ಕರಿನ ಸೀಟಿ ಕೇಳಿಸಿತು.

"ಅಷ್ಟು ಗೊತ್ತಿದ್ದೋಳು ಮೊದ್ಲೇ ಬರೀಬೇಕಿತ್ತು" ಎಂದಳು ಕೊನೆಗೆ.

"ತಪ್ಪಾಯ್ತಮ್ಮಾ."

"ಗೆಣಸಿಂದು ಸೇರಿಸಿದ್ಯಾ?"

"ಅದೇ ಮೊದಲನೇ ಸಾಲು."

ಆಮೇಲೆ ಅಮ್ಮ ದನಿ ತಗ್ಗಿಸಿ, ಪಕ್ಕದಲ್ಲಿದ್ದವರಿಗೆ ಕೇಳಿಸಬಾರದು ಎನ್ನುವ ಹಾಗೆ ಹೇಳಿದಳು:

"ಕೈ ನಡುಗ್ತಿತ್ತು ಕಣೆ. ಕೂರೋಕೆ ಎಲ್ಲೂ ಜಾಗ ಇರ್ಲಿಲ್ಲ. ಅವನ ಗಾಡಿ ಹತ್ರಾನೇ, ಬೀದೀಲಿ, ನಿಂತ್ಕೊಂಡೇ ತಿಂದೆ."